ಮಧ್ಯಮ ಬೆಲೆಯ ಡೆಸ್ಕ್‌ಟಾಪ್ ಪ್ರೊಸೆಸರ್: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ, ಅಂಗಡಿಗೆ, ಸ್ಟುಡಿಯೋಕ್ಕೆ ಅಥವಾ ಕಾಲೇಜಿನ ಓದಿಗೆ ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸುವವರಿಗಾಗಿ ಈ ಪುಟ. ದರ ಬೇಗ ಬೇಗ ಏರಿಳಿಯುತ್ತದೆ, ಅದಕ್ಕೇ ಇಲ್ಲಿ ರೂಪಾಯಿ ಲೆಕ್ಕ ಬರೆದಿಲ್ಲ. ಯಾವ ಕೆಲಸಕ್ಕೆ ಯಾವ ಪ್ರೊಸೆಸರ್ ಸಾಕು, ಎಲ್ಲಿ ರೊಕ್ಕ ಉಳಿಸಬಹುದು, ಎಲ್ಲಿ ಉಳಿಸಿದರೆ ತೊಂದರೆ ಎಂಬುದನ್ನು ಬರೆದಿದೆ.

ಡಬ್ಬಿ ಮ್ಯಾಲೆ "ಐ5" ಅಂತ ಇದ್ರ ಸಾಕಲ್ರಿ?

ಸಾಲದು. ಇಂಟೆಲ್‌ನ ಐ5 ಎಂಬ ಹೆಸರು 2009ರಿಂದಲೂ ಇದೆ. 2012ರ ಐ5-3470 ಕೂಡ ಐ5, 2022ರ ಐ5-12400 ಕೂಡ ಐ5. ಮೊದಲನೆಯದರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 4 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು). ಎರಡನೆಯದರಲ್ಲಿ 6 ಕೋರ್, 12 ಥ್ರೆಡ್. ಹಳೆಯ ಐ5-3470ಕ್ಕಿಂತ ಹೊಸ ಐ3-12100 ದುಪ್ಪಟ್ಟಿಗೂ ಹೆಚ್ಚು ವೇಗದ್ದು. "ಕೋರ್ ಐ5, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ" ಎಂದಷ್ಟೇ ಬರೆದು ಬಹಳ ಕಡಿಮೆ ದರ ಹಾಕಿದ್ದರೆ ಒಳಗೆ ಬಹುಪಾಲು ಇರುವುದು ಮೂರನೇ ಅಥವಾ ನಾಲ್ಕನೇ ತಲೆಮಾರಿನ ಬಳಸಿದ ಪ್ರೊಸೆಸರ್. ಅದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಇಂಟೆಲ್‌ನಲ್ಲಿ ಆ ಬೆಂಬಲ ಶುರುವಾಗುವುದು ಎಂಟನೇ ತಲೆಮಾರಿನಿಂದ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹೀಗಾಗಿ ಪೂರ್ತಿ ಸಂಖ್ಯೆ ಕೇಳಿ, ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. 12400 ಎಂಬಲ್ಲಿ ಮೊದಲ ಎರಡು ಅಂಕಿ ತಲೆಮಾರು, ಅಂದರೆ ಹನ್ನೆರಡನೆಯದು. 3470ರಂಥ ನಾಲ್ಕು ಅಂಕಿಯ ಸಂಖ್ಯೆಯಾದರೆ ಮೊದಲ ಒಂದು ಅಂಕಿ ಮಾತ್ರ. ಕೊನೆಯಲ್ಲಿ ಬರುವ ಅಕ್ಷರವನ್ನೂ ಬಿಡಬೇಡಿ. "ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. "ಕೆ" ಇದ್ದರೆ ಓವರ್‌ಕ್ಲಾಕ್ ಮಾಡಬಹುದಾದದ್ದು, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಬಹುದಾದದ್ದು. "ಟಿ" ಇದ್ದರೆ ಕಡಿಮೆ ವಿದ್ಯುತ್ತಿನ ನಿಧಾನದ ಮಾದರಿ. ಎಎಂಡಿ ರೈಜೆನ್‌ನಲ್ಲಿ "ಜಿ" ಇದ್ದರೆ ಒಳಗಿನ ಗ್ರಾಫಿಕ್ಸ್ ಬಲವಾಗಿದೆ ಎಂದರ್ಥ.

ರೈಜೆನ್ ಸಂಖ್ಯೆಗಳಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. 5500 ಮತ್ತು 5600 ನೋಡಲು ಒಂದೇ ಮೆಟ್ಟಿಲಿನ ವ್ಯತ್ಯಾಸದಂತೆ ಕಾಣುತ್ತವೆ. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಮತ್ತು ಪಿಸಿಐಇ 4.0 (ಕಾರ್ಡ್, ಎಸ್‌ಎಸ್‌ಡಿಗಳಿಗೆ ಡೇಟಾ ಹೋಗುವ ದಾರಿ) ಇವೆ, 5500ರಲ್ಲಿ 16 ಎಂಬಿ ಮತ್ತು ಪಿಸಿಐಇ 3.0 ಮಾತ್ರ. ಗೇಮ್ ಆಡುವವರಿಗೆ ಈ ಕ್ಯಾಶ್ ಕಣ್ಣಿಗೆ ಕಾಣುವ ವ್ಯತ್ಯಾಸ ಮಾಡುತ್ತದೆ.

ದುಡ್ಡು ಕೊಡುವ ಮೊದಲು ಯಂತ್ರ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿ. ಬಲಗಡೆ ಮೇಲೆ ಪೂರ್ತಿ ಹೆಸರು ಬರುತ್ತದೆ. ಬಿಲ್ಲಿನಲ್ಲಿರುವ ಹೆಸರಿಗೂ ಅದಕ್ಕೂ ತಾಳೆಯಾಗಬೇಕು.

ಅದೆಲ್ಲಾ ಇರ್ಲಿ, ಸೀದಾ ಹೇಳ್ರಿ: ಯಾವ್ದು ತಗೋಬೇಕು?

ಬಿಲ್ಲಿಂಗ್, ಟ್ಯಾಲಿ, ಆನ್‌ಲೈನ್ ಅರ್ಜಿ, ಮಕ್ಕಳ ಓದು ಇಷ್ಟೇ ಇದ್ದರೆ ಐ3-12100. ಅದೇ ಸಾಲಿನ 13100, 14100 ಕೂಡ 4 ಕೋರಿನವೇ, ಕ್ಲಾಕ್ ಸ್ಪೀಡ್ (ಕೋರ್ ಓಡುವ ವೇಗ) ಸ್ವಲ್ಪ ಹೆಚ್ಚು ಅಷ್ಟೇ. ಮೂರರಲ್ಲಿ ಅಗ್ಗವಾದದ್ದನ್ನು ತೆಗೆದುಕೊಳ್ಳಿ. ಫೋಟೋ, ಡಿಟಿಪಿ, ಪ್ರೋಗ್ರಾಮಿಂಗ್, ಸಾಧಾರಣ ವೀಡಿಯೊ ಎಡಿಟಿಂಗ್ ಎಲ್ಲವೂ ಸೇರಿದ್ದರೆ ಎಫ್ ಇಲ್ಲದ ಐ5-12400. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವುದಾದರೆ ಐ5-12400ಎಫ್ ಅಥವಾ ರೈಜೆನ್ 5 5600. ಕಾರ್ಡ್ ಕೊಳ್ಳಲು ಈಗ ರೊಕ್ಕವಿಲ್ಲ, ಆದರೂ ಸಣ್ಣಪುಟ್ಟ ಗೇಮ್ ಆಡಬೇಕು ಎನ್ನುವವರಿಗೆ ರೈಜೆನ್ 5 5600ಜಿ ಅಥವಾ 5600ಜಿಟಿ. ನಾಲ್ಕೈದು ವರ್ಷದ ಮೇಲೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬೇಕೆಂಬ ಯೋಜನೆ ಇದ್ದರೆ ರೈಜೆನ್ 5 7600.

ಇವುಗಳ ಮೇಲಿನ ಮಾದರಿಗಳು ಬೇಕಾಗುವವರು ಕಡಿಮೆ. ಹೆಚ್ಚಿನ ಮನೆ, ಅಂಗಡಿಗಳಲ್ಲಿ ಯಂತ್ರ ನಿಧಾನವಾಗುವುದು ಪ್ರೊಸೆಸರ್‌ನಿಂದ ಅಲ್ಲ. ಹಾರ್ಡ್ ಡಿಸ್ಕ್‌ನಿಂದ, ಸಾಲದ ರ‍್ಯಾಮ್‌ನಿಂದ. ಐ7ಗೆ ಹಾಕುವ ಹೆಚ್ಚುವರಿ ರೊಕ್ಕವನ್ನು 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್, ಒಳ್ಳೆಯ ಎಸ್‌ಎಂಪಿಎಸ್ (ಯಂತ್ರದೊಳಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮತ್ತು ಯುಪಿಎಸ್‌ಗೆ ಹಾಕಿದರೆ ದಿನವೂ ಅದರ ಫಲ ಕಾಣುತ್ತದೆ.

"ಎಫ್" ಇರೋದು ಕಡಿಮಿ ರೇಟಿಗೆ ಸಿಗತೈತಿ. ತಗೊಂಡ್ರ ಏನಾಗ್ತದ?

ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ತೆಗೆದುಕೊಂಡರೆ ಪರದೆ ಬರುವುದೇ ಇಲ್ಲ. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಮಾನಿಟರ್ ಮಾತ್ರ "ನೋ ಸಿಗ್ನಲ್" ಎನ್ನುತ್ತದೆ. ಮದರ್‌ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಅದಕ್ಕೆ ಚಿತ್ರ ಕಳಿಸುವ ಭಾಗ ಪ್ರೊಸೆಸರ್‌ನೊಳಗೇ ಇರಬೇಕು. ರೈಜೆನ್ 5 5600, 5500, 7500ಎಫ್ ಇವುಗಳಿಗೂ ಇದೇ ಮಾತು. ರೈಜೆನ್ 5 7600ರಲ್ಲಿ ಪರದೆ ತೋರಿಸುವಷ್ಟು ಗ್ರಾಫಿಕ್ಸ್ ಇದೆ.

ಕಾರ್ಡ್ ಹಾಕುವುದು ಖಚಿತವಿದ್ದರೂ ಎಫ್ ಇಲ್ಲದ್ದನ್ನು ಕೊಳ್ಳಲು ಒಂದು ಬಲವಾದ ಕಾರಣವಿದೆ. ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದರೆ ಅದು ವಾಪಸು ಬರಲು ವಾರಗಳೇ ಹಿಡಿಯಬಹುದು. ಒಳಗಿನ ಗ್ರಾಫಿಕ್ಸ್ ಇದ್ದರೆ ಅಷ್ಟು ದಿನ ಕೆಲಸ ನಿಲ್ಲುವುದಿಲ್ಲ. ಯಂತ್ರದಿಂದಲೇ ಹೊಟ್ಟೆ ಹೊರೆಯುವವರಿಗೆ ಎಫ್ ಮಾದರಿಯಲ್ಲಿ ಉಳಿಯುವ ರೊಕ್ಕ ಉಳಿತಾಯವೇ ಅಲ್ಲ.

ಬ್ಯಾಡಗಿ ಮಾರ್ಕೆಟ್‌ನಾಗ ನಮ್ಮ ದಲಾಲಿ ಅಂಗಡಿ. ಟ್ಯಾಲಿ ಅಷ್ಟ ಬೇಕು. ಐ5 ಬೇಕಾ?

ಬೇಡ. ಟ್ಯಾಲಿಯ ಕೆಲಸಕ್ಕೆ ಹೆಚ್ಚು ಕೋರ್‌ಗಳಿಗಿಂತ ಒಂದೊಂದು ಕೋರಿನ ಚುರುಕು ಮತ್ತು ಡಿಸ್ಕಿನ ವೇಗ ಮುಖ್ಯ. ಐ3-12100, 8 ಅಥವಾ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸೀಸನ್ನಿನ ದಿನಗಳ ಎಂಟ್ರಿಯೂ ತಡೆಯಿಲ್ಲದೆ ಸಾಗುತ್ತದೆ. ಮೂರ್ನಾಲ್ಕು ಯಂತ್ರಗಳಲ್ಲಿ ಒಂದೇ ಕಂಪನಿಯ ಡೇಟಾ ತೆರೆಯುವುದಾದರೆ ಡೇಟಾ ಇರುವ ಯಂತ್ರಕ್ಕೆ ಒಳ್ಳೆಯ ಎಸ್‌ಎಸ್‌ಡಿ ಹಾಕಿ, ವೈಫೈ ಬಿಟ್ಟು ಗಿಗಾಬಿಟ್ ಸ್ವಿಚ್ ಮತ್ತು ಕೇಬಲ್‌ನಲ್ಲಿ ಜೋಡಿಸಿ. ಕರೆಂಟ್ ಹೋಗುವಾಗ ಬರೆಯುತ್ತಿದ್ದ ಡೇಟಾ ಕೆಡುವುದೇ ಅಂಗಡಿಗಳಲ್ಲಿ ದೊಡ್ಡ ನಷ್ಟ. ಹಾಗಾಗಿ ಯುಪಿಎಸ್ ಇಲ್ಲದೆ ಈ ಯಂತ್ರ ಓಡಿಸಬೇಡಿ.

ಗ್ರಾಮ ಒನ್ ಅಥವಾ ಆನ್‌ಲೈನ್ ಅರ್ಜಿ ಕೇಂದ್ರವಾದರೂ ಇದೇ ಪ್ರೊಸೆಸರ್ ಸಾಕು. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿರುವ ಕೆಲಸವಾದ್ದರಿಂದ ರ‍್ಯಾಮ್ ಮಾತ್ರ 16 ಜಿಬಿ ಇರಲಿ. ಬೆರಳಚ್ಚು ಯಂತ್ರ, ಸ್ಕ್ಯಾನರ್, ಪ್ರಿಂಟರ್ ಎಲ್ಲಕ್ಕೂ ಸಾಲುವಷ್ಟು ಯುಎಸ್‌ಬಿ ಕಿಂಡಿಗಳು ಬೋರ್ಡಿನ ಹಿಂದೆ ಇವೆಯೇ ಎಣಿಸಿ ನೋಡಿ.

ಗದಗಿನ್ಯಾಗ ನಮ್ಮದು ಪ್ರೆಸ್ ಅದ. ಕೋರೆಲ್‌ಡ್ರಾ, ಫೋಟೋಶಾಪ್, ನುಡಿ. ಎಷ್ಟು ಕೋರ್ ಬೇಕ್ರಿ?

ಕೋರೆಲ್‌ಡ್ರಾದ ಹೆಚ್ಚಿನ ಕೆಲಸ ಒಂದೇ ಕೋರಿನ ಮೇಲೆ ಬೀಳುತ್ತದೆ. ಅದಕ್ಕೇ 8 ಕೋರಿನ ಹಳೆಯ ಪ್ರೊಸೆಸರ್‌ಗಿಂತ 6 ಕೋರಿನ ಹೊಸದು ಅಲ್ಲಿ ಚೆನ್ನಾಗಿ ಓಡುತ್ತದೆ. ಐ5-12400 ಧಾರಾಳ ಸಾಕು. ಫ್ಲೆಕ್ಸ್, ದೊಡ್ಡ ಬ್ಯಾನರ್ ಕಡತಗಳನ್ನು ಫೋಟೋಶಾಪ್‌ನಲ್ಲಿ ತೆರೆಯುವವರಿಗೆ 32 ಜಿಬಿ ರ‍್ಯಾಮ್ ಬೇಕು. 16 ಜಿಬಿ ತುಂಬಿದ ಮೇಲೆ ಫೋಟೋಶಾಪ್ ಎಸ್‌ಎಸ್‌ಡಿಯನ್ನು ತಾತ್ಕಾಲಿಕ ಜಾಗವಾಗಿ ಬಳಸತೊಡಗುತ್ತದೆ, ಆಗ ಎಷ್ಟೇ ದುಬಾರಿ ಪ್ರೊಸೆಸರ್ ಇದ್ದರೂ ಯಂತ್ರ ತಿಣುಕುತ್ತದೆ. ಸಿ ಡ್ರೈವ್‌ನಲ್ಲಿ ಯಾವಾಗಲೂ 50 ಜಿಬಿಯಷ್ಟಾದರೂ ಖಾಲಿ ಬಿಡಿ. ನುಡಿ, ಬರಹದಂಥ ತಂತ್ರಾಂಶಗಳು ಪ್ರೊಸೆಸರ್‌ಗೆ ಹೊರೆಯೇ ಅಲ್ಲ.

ಪ್ರೊಸೆಸರ್‌ನಲ್ಲಿ ಉಳಿದ ರೊಕ್ಕವನ್ನು ಬಣ್ಣ ಸರಿಯಾಗಿ ತೋರಿಸುವ ಐಪಿಎಸ್ ಮಾನಿಟರ್‌ಗೆ ಹಾಕಿ. ಮುದ್ರಣದವರಿಗೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಮದಿವಿ ವೀಡಿಯೊ ಎಡಿಟಿಂಗ್ ಮಾಡ್ತೀವಿ. ಟೈಮ್‌ಲೈನ್ ಸಿಕ್ಕಾಪಟ್ಟಿ ಜಗ್ಗತೈತಿ. ದೊಡ್ಡ ಪ್ರೊಸೆಸರ್ ಹಾಕಿದ್ರ ಸರಿ ಆಗತೈತೇನು?

ಮೊದಲು ಕ್ಯಾಮೆರಾದಿಂದ ಬರುವ ಕಡತ ಯಾವುದೆಂದು ನೋಡಿ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಎಚ್.265, 10 ಬಿಟ್, 4:2:2 ಎಂಬ ಆಯ್ಕೆ ಇರುತ್ತದೆ. ಬಣ್ಣ ತಿದ್ದಲು ಇದು ಒಳ್ಳೆಯದು, ಆದರೆ ಬಿಡಿಸಿ ತೋರಿಸಲು ಬಹಳ ಭಾರ. ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಮತ್ತು 40 ಸರಣಿಯ ಕಾರ್ಡ್‌ಗಳಲ್ಲಿ 4:2:2 ಎಚ್.265 ಬಿಡಿಸುವ ಭಾಗವೇ ಇಲ್ಲ. 50 ಸರಣಿಯಲ್ಲಿ ಬಂದಿದೆ. ಐ5-12400ರ ಒಳಗಿನ ಯುಎಚ್‌ಡಿ 730 ಗ್ರಾಫಿಕ್ಸ್‌ಗೆ ಆ ಸಾಮರ್ಥ್ಯವಿದೆ, ಅದನ್ನೇ ಕ್ವಿಕ್ ಸಿಂಕ್ ಎನ್ನುತ್ತಾರೆ. ಕಾರ್ಡ್ ಇದೆಯೆಂದು 12400ಎಫ್ ಕೊಂಡ ಸ್ಟುಡಿಯೋದವರು ಈ ಭಾಗವನ್ನೇ ಕಳೆದುಕೊಂಡಿರುತ್ತಾರೆ. ಪೂರ್ತಿ ಭಾರ ಕೋರ್‌ಗಳ ಮೇಲೆ ಬಿದ್ದು ಟೈಮ್‌ಲೈನ್ ಜಗ್ಗುತ್ತದೆ. ಇಡೀ ಪುಟದಲ್ಲಿ ಸ್ಟುಡಿಯೋದವರು ನೆನಪಿಡಬೇಕಾದದ್ದು ಇದೊಂದನ್ನೇ: ಇಂಟೆಲ್ ತೆಗೆದುಕೊಂಡರೆ ಎಫ್ ಬೇಡ.

ಎಫ್ ಇಲ್ಲದ್ದನ್ನು ಕೊಂಡರೂ ಇನ್ನೊಂದು ಕೆಲಸ ಬಾಕಿ. ಕಾರ್ಡ್ ಸಿಕ್ಕಿಸಿದೊಡನೆ ಅನೇಕ ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸನ್ನು ತಾವೇ ಆರಿಸಿಬಿಡುತ್ತವೆ. ಬಯೋಸ್‌ಗೆ (ಯಂತ್ರ ಆನ್ ಆದೊಡನೆ ಓಡುವ ಬೋರ್ಡಿನ ತಂತ್ರಾಂಶ) ಹೋಗಿ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ "ಐಜಿಪಿಯು ಮಲ್ಟಿ-ಮಾನಿಟರ್" ಅಥವಾ ಅಂಥದೇ ಹೆಸರಿನ ಆಯ್ಕೆಯನ್ನು ಎನೇಬಲ್ ಮಾಡಿ, ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಆಮೇಲೆ ಪ್ರೀಮಿಯರ್ ಪ್ರೊದ ಪ್ರಿಫರೆನ್ಸಸ್‌ನ ಮೀಡಿಯಾ ಪುಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್‌ಗೆ ಇಂಟೆಲ್ ಆರಿಸಿ. ವೀಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಇಂಟೆಲ್ ಜಿಪಿಯುವಿನ "ವೀಡಿಯೊ ಡಿಕೋಡ್" ಗೆರೆ ಮೇಲೇರಿದರೆ ಸರಿಯಾಗಿದೆ ಎಂದರ್ಥ.

ಈಗಾಗಲೇ ರೈಜೆನ್ ಅಥವಾ ಎಫ್ ಮಾದರಿ ಇದ್ದವರು ಹೊಸದು ಕೊಳ್ಳುವ ಮೊದಲು ಪ್ರಾಕ್ಸಿ (ಎಡಿಟಿಂಗ್‌ಗೆ ಬಳಸುವ ಹಗುರವಾದ ನಕಲು ಕಡತ) ಮಾಡಿ ನೋಡಲಿ. ರಾತ್ರಿ ಪ್ರಾಕ್ಸಿ ಹಾಕಿಟ್ಟರೆ ಬೆಳಿಗ್ಗೆ ಹಳೆಯ ಯಂತ್ರದಲ್ಲೂ ಕತ್ತರಿಸುವ ಕೆಲಸ ಸಲೀಸು. ಎಕ್ಸ್‌ಪೋರ್ಟ್ ಮಾತ್ರ ಮೂಲ ಕಡತದಿಂದಲೇ ಆಗುತ್ತದೆ. ಒಂದೇ ಯಂತ್ರದಲ್ಲಿ ಹಲವು ಕ್ಯಾಮೆರಾ ಜೋಡಿಸುವವರು, ದಿನವೂ ಎಕ್ಸ್‌ಪೋರ್ಟ್ ಇರುವವರು ಮಾತ್ರ ಐ5-13400 ಅಥವಾ 14400ಕ್ಕೆ ಏರಬಹುದು. ಇವೆರಡರಲ್ಲೂ 6 ದೊಡ್ಡ ಕೋರ್, 4 ಸಣ್ಣ ಕೋರ್ ಸೇರಿ 16 ಥ್ರೆಡ್ ಇವೆ.

ಮಗ ಇಂಜಿನಿಯರಿಂಗ್ ಸೇರ್ಯಾನ. ನಾಕು ವರ್ಷ ಬಾಳಿಕಿ ಬರಬೇಕು.

ಕಂಪ್ಯೂಟರ್ ಸೈನ್ಸ್ ಆದರೆ ವರ್ಚುವಲ್ ಯಂತ್ರ, ಆಂಡ್ರಾಯ್ಡ್ ಸ್ಟುಡಿಯೋ, ಡಾಕರ್ ಇವೆಲ್ಲ ಬರುತ್ತವೆ. ಇಲ್ಲಿ 6 ಕೋರ್, 12 ಥ್ರೆಡ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ರ‍್ಯಾಮ್ 16 ಜಿಬಿಯಿಂದ ಶುರುಮಾಡಿ, 32ಕ್ಕೆ ಏರಿಸಲು ಜಾಗ ಇಟ್ಟುಕೊಳ್ಳಿ. ಮೆಕ್ಯಾನಿಕಲ್, ಸಿವಿಲ್‌ನವರ ಆಟೋಕ್ಯಾಡ್ ಬಹುಪಾಲು ಒಂದೇ ಕೋರಿನ ಕೆಲಸ, ಐ5-12400 ಸಾಕು. ಸಾಲಿಡ್‌ವರ್ಕ್ಸ್‌ನಲ್ಲಿ ದೊಡ್ಡ ಜೋಡಣೆಗಳಿಗೆ ಮುಂದೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಬಹುದು. ಮೊದಲ ವರ್ಷವೇ ಕೊಳ್ಳಬೇಕಿಲ್ಲ, ಅದಕ್ಕೆ ಸಾಲುವ ಎಸ್‌ಎಂಪಿಎಸ್ ಮಾತ್ರ ಈಗಲೇ ಹಾಕಿಸಿ. ಮಶೀನ್ ಲರ್ನಿಂಗ್ ಕಲಿಯುವವರಿಗೆ ಪ್ರೊಸೆಸರ್‌ಗಿಂತ ಎನ್‌ವಿಡಿಯಾ ಕಾರ್ಡ್ ಮುಖ್ಯ. ಕಲಿಕೆಯ ಹಂತದಲ್ಲಿ ಗೂಗಲ್ ಕೊಲ್ಯಾಬ್‌ನಲ್ಲೇ ಸಾಕಷ್ಟು ಸಾಗುತ್ತದೆ.

ಒಂದು ಮಾತು: ಧಾರವಾಡದ ಪಿಜಿ, ಹಾಸ್ಟೆಲ್ಲುಗಳಲ್ಲಿ ಇರುವವರು ಮತ್ತು ಪ್ರತಿ ರಜೆಗೆ ಊರಿಗೆ ಹೋಗುವವರು ಡೆಸ್ಕ್‌ಟಾಪ್ ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ಕಾಲೇಜಿಗೆ ಒಯ್ಯುವ ಅಗತ್ಯ ಇದ್ದರೆ ಲ್ಯಾಪ್‌ಟಾಪೇ ಸರಿ.

ಗೇಮಿಂಗ್‌ಗೆ ಪ್ರೊಸೆಸರ್‌ಗೆ ಎಷ್ಟು, ಕಾರ್ಡಿಗೆ ಎಷ್ಟು ಹಾಕಬೇಕು?

ಕಾರ್ಡಿಗೆ ಪ್ರೊಸೆಸರ್‌ನ ಎರಡು ಪಟ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಎಂಬ ಲೆಕ್ಕ ಸರಿಹೋಗುತ್ತದೆ. ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060 ಮಟ್ಟದ ಕಾರ್ಡಿಗೆ 12400ಎಫ್, 5600 ಎರಡೂ ತಕ್ಕ ಜೋಡಿ. 1080ಪಿ ಪರದೆಯಲ್ಲಿ ವ್ಯಾಲೊರಂಟ್, ಸಿಎಸ್2ರಂಥ ವೇಗದ ಗೇಮ್ ಆಡುವವರಿಗೆ ಪ್ರೊಸೆಸರ್ ಹೆಚ್ಚು ಮುಖ್ಯ. ಕಥೆಯುಳ್ಳ ದೊಡ್ಡ ಗೇಮ್‌ಗಳಿಗೆ ಕಾರ್ಡ್ ಹೆಚ್ಚು ಮುಖ್ಯ.

ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು ರೈಜೆನ್ 5500 ಅಥವಾ 5600ಜಿ ಜೊತೆ ಜೋಡಿಸಬೇಡಿ. ಆ ಕಾರ್ಡ್ ಬಳಸುವುದು ನಾಲ್ಕೇ ಪಿಸಿಐಇ ದಾರಿಗಳನ್ನು. 3.0 ವೇಗಕ್ಕೆ ಇಳಿದರೆ ಉಸಿರು ಕಟ್ಟಿದಂತಾಗಿ ಫ್ರೇಮ್‌ಗಳು ಬೀಳುತ್ತವೆ.

ಇಂಟೆಲ್ ಛಲೋನೋ, ಎಎಂಡಿ ಛಲೋನೋ?

ಈ ಬೆಲೆಯಲ್ಲಿ ಎರಡೂ ಒಳ್ಳೆಯವೇ. ಆರಿಸಬೇಕಾದದ್ದು ಕಂಪನಿಯನ್ನಲ್ಲ, ಸಾಕೆಟ್ಟನ್ನು, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವನ್ನು. 12, 13, 14ನೇ ತಲೆಮಾರಿನ ಇಂಟೆಲ್ ಕೂರುವುದು ಎಲ್‌ಜಿಎ 1700ರಲ್ಲಿ. ಅದರ ಮುಂದಿನ ಕೋರ್ ಅಲ್ಟ್ರಾ 200 ಸರಣಿಗೆ ಬೇರೆ ಸಾಕೆಟ್, ಎಲ್‌ಜಿಎ 1851. ಎಎಂಡಿಯ ಎಎಂ4 ಕೂಡ ಮುಗಿಯುವ ಹಾದಿಯಲ್ಲಿದೆ, ಆದರೆ ಅಗ್ಗ ಮತ್ತು ಪಕ್ಕಾ. ಎಎಂ5 ಬಂದದ್ದು 2022ರಲ್ಲಿ. ಕನಿಷ್ಠ 2027ರವರೆಗೆ ಅದಕ್ಕೆ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಯಂತ್ರ ಕೊಂಡು ಆರೇಳು ವರ್ಷ ಹಾಗೇ ಬಳಸುವವರು ಸಾಕೆಟ್ಟಿನ ಭವಿಷ್ಯದ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಕಡೆ ಬಹುತೇಕರು ಹಾಗೇ ಬಳಸುತ್ತಾರೆ.

ಬೋರ್ಡ್ ಸಿಗುವುದನ್ನೂ ನೋಡಿ. ಹಾವೇರಿ, ಗದಗದ ಅಂಗಡಿಗಳಲ್ಲಿ ಎಲ್‌ಜಿಎ 1700ರ ಎಚ್610 ಬೋರ್ಡ್ ಕೆಟ್ಟರೆ ಬದಲಿ ಸಿಗುವುದು ಸುಲಭ. ಎಎಂ5ರದ್ದಾದರೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ತರಿಸಬೇಕಾಗಬಹುದು.

13, 14ನೇ ಜನರೇಶನ್ ಇಂಟೆಲ್ ಕೆಡ್ತಾವಂತ, ಖರೇನಾ?

ಐ5-13600ಕೆ, 14600ಕೆ ಮತ್ತು ಅದಕ್ಕೂ ಮೇಲಿನ ಐ7, ಐ9 ಮಾದರಿಗಳಲ್ಲಿ ವೋಲ್ಟೇಜ್ ಹೆಚ್ಚಾಗಿ ಹೋಗಿ ಅಸ್ಥಿರವಾಗುವ ದೋಷ ಇದ್ದದ್ದು ನಿಜ. ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಪ್ರೊಸೆಸರ್‌ನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟು, ಆ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. 13400, 14400 ಆ ಪಟ್ಟಿಯಲ್ಲಿಲ್ಲ. ದೋಷವಿದ್ದ ಮಾದರಿಗಳನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳಬೇಡಿ. ಒಮ್ಮೆ ಕೆಟ್ಟದ್ದು ಬಯೋಸ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ.

ಡಿಡಿಆರ್4 ಸಾಕಾ? ಒಂದ 16 ಜಿಬಿ ಹಾಕಿಸೋದೋ, ಎರಡು 8 ಹಾಕಿಸೋದೋ?

ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. ಎಎಂ4ಕ್ಕೆ ಡಿಡಿಆರ್4 ಮಾತ್ರ, ಎಎಂ5ಕ್ಕೆ ಡಿಡಿಆರ್5 ಮಾತ್ರ. ಇಲ್ಲಿ ಹೇಳಿದ ಕೆಲಸಗಳಿಗೆ 3200 ವೇಗದ ಡಿಡಿಆರ್4 ಸಾಕು. ರ‍್ಯಾಮ್ ದರ ಪ್ರೊಸೆಸರ್‌ಗಿಂತ ಹೆಚ್ಚು ಜಿಗಿದಾಡುತ್ತದೆ. ಆದ್ದರಿಂದ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಕೂಡಿಸಿದ ಮೊತ್ತವನ್ನೇ ಹೋಲಿಸಿ. ಅಗ್ಗದ ಎಎಂ5 ಪ್ರೊಸೆಸರ್ ಎಂದುಕೊಂಡದ್ದು ಡಿಡಿಆರ್5 ಸೇರಿದಾಗ ದುಬಾರಿಯಾಗಬಹುದು.

ಎರಡು 8 ಜಿಬಿಯೇ ಮೇಲು. ಎರಡು ಚಾನೆಲ್‌ನಲ್ಲಿ ಓಡುವುದರಿಂದ ರ‍್ಯಾಮ್‌ನ ದಾರಿ ದುಪ್ಪಟ್ಟು ಅಗಲವಾಗುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ರ‍್ಯಾಮ್ ಬಳಸುತ್ತದೆ. 5600ಜಿಗೆ ಒಂದೇ ಕಡ್ಡಿ ಹಾಕಿದರೆ ಗೇಮ್ ಆಡಲು ಕೊಂಡ ಉದ್ದೇಶವೇ ಹಾಳು. ಬೋರ್ಡಿನಲ್ಲಿ ನಾಲ್ಕು ಕಿಂಡಿ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಹಾಕಿ. ಆಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಅದನ್ನು ಮರೆತರೆ ಎಕ್ಸ್‌ಎಂಪಿ ಪ್ರೊಫೈಲ್‌ನಿಂದ 3200 ತಲುಪುವ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಕಾಣುತ್ತದೆ, ನೋಡಿ.

ಎಚ್610 ಬೋರ್ಡ್ ನಡೀತದೇನು?

ಐ3, ಐ5-12400ಕ್ಕೆ ನಡೆಯುತ್ತದೆ. ಅದರಲ್ಲಿ ರ‍್ಯಾಮ್ ಕಿಂಡಿ ಎರಡೇ, ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಎಂ.2 ಕಿಂಡಿ ಸಾಮಾನ್ಯವಾಗಿ ಒಂದೇ, ಅದೂ ಪಿಸಿಐಇ 3.0. ದಿನಬಳಕೆಗೆ ಇದು ಕೊರತೆಯೇ ಅಲ್ಲ. 13400, 14400 ಹಾಕುವುದಾದರೆ ಬಿ760 ಬೋರ್ಡ್ ತೆಗೆದುಕೊಳ್ಳಿ. ಅವು ಪೂರ್ತಿ ಹೊರೆಯಲ್ಲಿ 148 ವ್ಯಾಟ್‌ವರೆಗೆ ಎಳೆಯಬಲ್ಲವು. ಅಗ್ಗದ ಎಚ್610 ಬೋರ್ಡುಗಳಲ್ಲಿ ವಿದ್ಯುತ್ ಕೊಡುವ ಭಾಗಕ್ಕೆ ಹೀಟ್‌ಸಿಂಕ್ ಕೂಡ ಇರುವುದಿಲ್ಲ. ಕಾದು, ಪ್ರೊಸೆಸರ್‌ನ ವೇಗವನ್ನು ತಾನೇ ಇಳಿಸುತ್ತದೆ. ಹೆಚ್ಚಿನ ಕೋರಿಗೆ ಕೊಟ್ಟ ರೊಕ್ಕ ವ್ಯರ್ಥ.

ಹಳೆಯ ಸ್ಟಾಕಿನ ಎಚ್610, ಬಿ660 ಬೋರ್ಡಿಗೆ 13 ಅಥವಾ 14ನೇ ತಲೆಮಾರಿನದನ್ನು ಹಾಕಿದರೆ ಬಯೋಸ್ ಅಪ್‌ಡೇಟ್ ಆಗುವವರೆಗೆ ಪರದೆ ಬರದೇ ಹೋಗಬಹುದು. ಅಪ್‌ಡೇಟ್ ಮಾಡಿಯೇ ಕೊಡಿ ಎಂದು ಅಂಗಡಿಯಲ್ಲೇ ಹೇಳಿ. ಎಎಂ4ರ ಬಿ450 ಬೋರ್ಡಿಗೆ ರೈಜೆನ್ 5000 ಹಾಕುವಾಗಲೂ ಹಾಗೆಯೇ.

ಬ್ಯಾಸಿಗಿಯೊಳಗ ಸ್ಟಾಕ್ ಫ್ಯಾನ್ ತಡೀತದೇನ್ರಿ?

ಡಬ್ಬಿಯೊಳಗೆ ಬರುವ ಕೂಲರ್ 12400, 5600 ಎರಡಕ್ಕೂ ಸಾಕು, ಕ್ಯಾಬಿನೆಟ್ ಒಳಗೆ ಗಾಳಿ ಆಡುತ್ತಿದ್ದರೆ. ಕೂಲರ್ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಎಸಿ ಕೋಣೆಯ 24 ಡಿಗ್ರಿಯಲ್ಲಿ 68 ತೋರಿಸುವ ಯಂತ್ರ, ಏಪ್ರಿಲ್ ಮಧ್ಯಾಹ್ನದ 38 ಡಿಗ್ರಿಯಲ್ಲಿ ಹತ್ತಿರ ಹತ್ತಿರ 82 ತೋರಿಸುತ್ತದೆ. ಯೂಟ್ಯೂಬ್‌ನಲ್ಲಿ ಬೇರೆ ದೇಶದವರು ತೋರಿಸುವ ಅಂಕಿಗೆ ಹದಿನೈದರಷ್ಟು ಕೂಡಿಸಿಕೊಂಡು ನೋಡಿ. 12400ರ ಮಿತಿ 100 ಡಿಗ್ರಿ, 5600ರದು 90, 7600ರದು 95. ಮಿತಿ ಮುಟ್ಟಿದರೆ ಸುಡುವುದಿಲ್ಲ, ವೇಗ ಇಳಿಸಿಕೊಳ್ಳುತ್ತದೆ. ಪ್ರೊಸೆಸರ್‌ಗೆ ಪೂರ್ತಿ ಹೊರೆ ಕೊಡುವ ಸಿನೆಬೆಂಚ್ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶದಲ್ಲಿ ಉಷ್ಣಾಂಶ ನೋಡಿ. ಬೇಸಿಗೆ ಮಧ್ಯಾಹ್ನ ಮಿತಿಗಿಂತ ಹತ್ತು ಡಿಗ್ರಿ ಕೆಳಗಿದ್ದರೆ ನಿಶ್ಚಿಂತೆ.

ನಮ್ಮಲ್ಲಿ ಶಾಖಕ್ಕಿಂತ ದೂಳು ಹೆಚ್ಚು ಕಾಡುತ್ತದೆ. ಎರೆಮಣ್ಣಿನ ಸಣ್ಣ ದೂಳು, ಹತ್ತಿಯ ನಾರು ಹೀಟ್‌ಸಿಂಕಿನ ಸಂದಿಯಲ್ಲಿ ಕೂತು ಗಾಳಿಯ ದಾರಿಯನ್ನೇ ಮುಚ್ಚುತ್ತವೆ. ಮುಂದೆ ಗಾಜು ಮಾತ್ರ ಇರುವ ಕ್ಯಾಬಿನೆಟ್ ಬಿಟ್ಟು, ಜಾಲರಿ ಮತ್ತು ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವುದನ್ನು ಕೊಳ್ಳಿ. ಮುಂದೆ ಒಂದು, ಹಿಂದೆ ಒಂದು ಫ್ಯಾನ್ ಇರಲಿ. ನೆಲದ ಮೇಲೆ ಇಡದೆ ಒಂದಡಿ ಎತ್ತರಕ್ಕೆ ಇಡಿ. ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಈ ದರ್ಜೆಯ ಪ್ರೊಸೆಸರ್‌ಗೆ ಲಿಕ್ವಿಡ್ ಕೂಲರ್ ಬೇಡವೇ ಬೇಡ.

ಕರೆಂಟ್ ಹೋಗೂದು ಬರೂದು ಇದ್ದದ್ದ. ಇನ್ವರ್ಟರ್ ಮ್ಯಾಲೆ ಓಡಿಸಬಹುದಾ?

ಹೆಸ್ಕಾಂ ಲೈನ್ ಹೋದಾಗ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಸಮಯದ ಮೇಲೆ ಅದು ನಿಂತಿದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಇನ್ವರ್ಟರ್‌ನ ಹಿಂದಿರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದ್ದರೆ ಸಾಮಾನ್ಯವಾಗಿ ನಡೆಯುತ್ತದೆ, ಇನ್ನೊಂದು ಮೋಡ್‌ನಲ್ಲಿದ್ದರೆ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಶುದ್ಧ ಸೈನ್ ವೇವ್ ಇನ್ವರ್ಟರ್ ಆಗಿರಲಿ.

600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ 12400 ಯಂತ್ರ ಮತ್ತು ಒಂದು ಮಾನಿಟರ್‌ಗೆ ಸಾಕು, ಕಡತ ಉಳಿಸಿ ಆರಿಸುವಷ್ಟು ಸಮಯ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ ತೆಗೆದುಕೊಳ್ಳಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ನಂಬಬೇಡಿ. 80 ಪ್ಲಸ್ ಗುರುತಿನ 450 ಅಥವಾ 550 ವ್ಯಾಟ್‌ನದನ್ನು ಬೇರೆಯಾಗಿ ಕೊಳ್ಳಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ನಾವ ಜೋಡಿಸಿದ್ರ ಎಲ್ಲಿ ತಪ್ಪತೈತಿ?

ಎಲ್‌ಜಿಎ 1700 ಮತ್ತು ಎಎಂ5ರಲ್ಲಿ ಪಿನ್‌ಗಳು ಬೋರ್ಡಿನಲ್ಲಿರುತ್ತವೆ, ಎಎಂ4ರಲ್ಲಿ ಪ್ರೊಸೆಸರ್‌ನಲ್ಲಿ. ಯಾವುದನ್ನೂ ಒತ್ತಬೇಡಿ. ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ಟಿನ ಗುರುತಿಗೆ ಸರಿಹೊಂದಿಸಿ, ತಾನಾಗಿ ಕೂರಲು ಬಿಡಿ. ಎಲ್‌ಜಿಎ 1700ರ ಸನ್ನೆಗೋಲು ಇಳಿಸುವಾಗ ಮಾತ್ರ ಸ್ವಲ್ಪ ಗಟ್ಟಿಯಾಗಿ ಒತ್ತಬೇಕಾಗುತ್ತದೆ, ಕಿರ್ ಎಂಬ ಸದ್ದೂ ಬರುತ್ತದೆ, ಹೆದರಬೇಡಿ.

ಪ್ರೊಸೆಸರ್ ಡಬ್ಬಿಯಲ್ಲಿ ಬರುವ ಹೊಸ ಕೂಲರ್‌ನ ತಳದಲ್ಲಿ ಪೇಸ್ಟ್ (ಶಾಖ ದಾಟಿಸುವ ಲೇಪ) ಬಳಿದೇ ಬಂದಿರುತ್ತದೆ, ಅದರ ಮೇಲೆ ಮತ್ತೆ ಹಾಕಬೇಡಿ. ಬೇರೆ ಕೂಲರ್ ಆದರೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ತಳದ ಪ್ಲಾಸ್ಟಿಕ್ ಹಾಳೆ ತೆಗೆಯುವುದನ್ನು ಮರೆಯಬೇಡಿ. ಇಂಟೆಲ್ ಕೂಲರಿನ ನಾಲ್ಕು ಪಿನ್‌ಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಟಕ್ ಎನ್ನುವವರೆಗೆ ಒತ್ತಿ, ಬೋರ್ಡನ್ನು ತಿರುಗಿಸಿ ನಾಲ್ಕೂ ಹಿಂದಿನಿಂದ ಪೂರ್ತಿ ಹೊರಬಂದಿವೆಯೇ ನೋಡಿ. ಒಂದು ಪಿನ್ ಕೂರದಿದ್ದರೂ ಆನ್ ಮಾಡಿದ ನಿಮಿಷದಲ್ಲೇ ಉಷ್ಣಾಂಶ 100ರ ಹತ್ತಿರ ಹೋಗುತ್ತದೆ. ಹತ್ತನೇ ತಲೆಮಾರಿನ ಹಳೆಯ ಕೂಲರ್ 1700ಕ್ಕೆ ಕೂರುವುದಿಲ್ಲ, ರಂಧ್ರಗಳ ಅಂತರ 75 ಮಿಲಿಮೀಟರ್‌ನಿಂದ 78ಕ್ಕೆ ಬದಲಾಗಿದೆ.

ಫ್ಯಾನ್ ತಿರುಗಿಯೂ ಪರದೆ ಬರದಿದ್ದರೆ ಈ ಕ್ರಮದಲ್ಲಿ ನೋಡಿ: ಪ್ರೊಸೆಸರ್ ಪಕ್ಕದ 4+4 ಪಿನ್ ವಿದ್ಯುತ್ ಕೇಬಲ್ ಹಾಕಿದೆಯೇ, ರ‍್ಯಾಮ್ ಎರಡೂ ಕಡೆ ಟಕ್ ಎಂದಿದೆಯೇ, ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಿದೆಯೇ ಬೋರ್ಡಿಗೇ. ಎಎಂ5 ಯಂತ್ರ ಮೊದಲ ಸಲ ಡಿಡಿಆರ್5 ರ‍್ಯಾಮನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಾಗಿದೆಯೆಂದು ನಡುವೆ ಆರಿಸಬೇಡಿ, ಹತ್ತು ನಿಮಿಷ ಕಾಯಿರಿ.

ಎಎಂ4ರ ಕೂಲರ್ ಬಿಚ್ಚುವಾಗ ಪ್ರೊಸೆಸರೂ ಅಂಟಿಕೊಂಡು ಕಿತ್ತುಬಂದು ಪಿನ್ ಬಾಗುವುದು ಸಾಮಾನ್ಯ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆರಿಸಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಎತ್ತಿ.

ಬೆಂಗಳೂರು ಎಸ್‌ಪಿ ರೋಡಿಂದ ತರಿಸೋದೋ, ಇಲ್ಲೇ ಕೊಪ್ಪೀಕರ ರೋಡಿನ್ಯಾಗ ತಗೊಳ್ಳೋದೋ?

ಎರಡೂ ಕಡೆ ಒಂದೇ ಪಟ್ಟಿ ಕೊಟ್ಟು ಲಿಖಿತ ಕೊಟೇಶನ್ ತರಿಸಿ, 18% ಜಿಎಸ್‌ಟಿ ಸೇರಿದೆಯೇ ಕೇಳಿ. ಪಾರ್ಸೆಲ್ ಖರ್ಚು, ಬೋರ್ಡ್ ಕೆಟ್ಟರೆ ಮತ್ತೆ ಕಳಿಸುವ ಖರ್ಚು ಕೂಡಿಸಿದಾಗ ಅಂತರ ತೀರ ಸಣ್ಣದಾದರೆ ಊರಲ್ಲೇ ಕೊಳ್ಳಿ. ಎದುರಿಗೆ ಕೂತು ಜೋಡಿಸಿ, ತೊಂದರೆಯಾದಾಗ ನೋಡುವವರು ಹತ್ತಿರವಿರುತ್ತಾರೆ. ಪ್ರೊಸೆಸರ್ ಕೆಡುವುದು ಅಪರೂಪ, ಬೋರ್ಡ್ ಮತ್ತು ಎಸ್‌ಎಂಪಿಎಸ್ ಕೆಡುವುದೇ ಹೆಚ್ಚು.

ಇಂಟೆಲ್, ಎಎಂಡಿ ಎರಡರ ಡಬ್ಬಿ ಪ್ರೊಸೆಸರ್‌ಗೂ 3 ವರ್ಷ ವಾರಂಟಿ ಇದೆ. ಟ್ರೇ ಮಾಲು ಎಂದು ಡಬ್ಬಿ ಇಲ್ಲದೆ ಕೊಡುವುದಕ್ಕೆ ಅಂಗಡಿಯವರು ಬರೆದುಕೊಟ್ಟಷ್ಟೇ ವಾರಂಟಿ, ಕೂಲರ್ ಕೂಡ ಬರುವುದಿಲ್ಲ. ಡಬ್ಬಿಯ ಸೀಲನ್ನು ನಿಮ್ಮೆದುರೇ ಒಡೆಸಿ. ಇಂಟೆಲ್ ಆದರೆ ಡಬ್ಬಿಯ ಲೇಬಲ್ ಮೇಲಿನ ಬ್ಯಾಚ್ ಸಂಖ್ಯೆ ಪ್ರೊಸೆಸರ್‌ನ ಲೋಹದ ಮೇಲೆ ಕೆತ್ತಿದ್ದಕ್ಕೆ ಸರಿಹೊಂದಬೇಕು. ಕೂಲರ್ ಕೂರಿಸುವ ಮೊದಲು ಎರಡರ ಫೋಟೋ ತೆಗೆದಿಡಿ. ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಪೂರ್ತಿ ಮಾದರಿ ಹೆಸರು, ಸೀರಿಯಲ್ ಸಂಖ್ಯೆ ಇರಲಿ. "ಕಂಪ್ಯೂಟರ್ 1 ಸೆಟ್" ಎಂದು ಬರೆದ ಬಿಲ್ಲು ವಾರಂಟಿ ಕೇಳುವಾಗ ಉಪಯೋಗಕ್ಕೆ ಬರುವುದಿಲ್ಲ.

ಹಳೇ ಯಂತ್ರಕ್ಕ ಪ್ರೊಸೆಸರ್ ಅಷ್ಟ ಬದಲಿ ಮಾಡಬಹುದೇನ್ರಿ?

ಬಿ450 ಬೋರ್ಡಿನಲ್ಲಿ ರೈಜೆನ್ 3 2200ಜಿ ಅಥವಾ ರೈಜೆನ್ 5 2600 ಇದ್ದವರು ಖಂಡಿತ ಮಾಡಬಹುದು. ಹಳೆಯ ಪ್ರೊಸೆಸರ್ ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಯುಪಿಎಸ್ ಮೇಲೆಯೇ ಮಾಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಆಮೇಲೆ 5600 ಅಥವಾ 8 ಕೋರಿನ 5700ಎಕ್ಸ್ ಹಾಕಿ. 2200ಜಿ ತೆಗೆದು 5600 ಹಾಕುವವರಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು, ಇಲ್ಲವಾದರೆ 5600ಜಿ. 5700ಎಕ್ಸ್ ಜೊತೆ ಕೂಲರ್ ಬರುವುದಿಲ್ಲ. ಇಂಟೆಲ್ ನಾಲ್ಕನೇ ತಲೆಮಾರು ಮತ್ತು ಅದಕ್ಕೂ ಹಳೆಯದರಲ್ಲಿ ಪ್ರೊಸೆಸರ್ ಬದಲಿಸಿ ಫಲವಿಲ್ಲ, ರ‍್ಯಾಮ್ ಕೂಡ ಡಿಡಿಆರ್3. ಅದಕ್ಕೊಂದು ಸಾಟಾ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಇಳಿಸಿ ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಬಿಡಿ. ಹೊಸ ಯಂತ್ರಕ್ಕೆ ಅದರಿಂದ ಮಾನಿಟರ್, ಕೀಬೋರ್ಡ್, ಮೌಸ್ ಮಾತ್ರ ತೆಗೆದುಕೊಳ್ಳಿ. ಮಾನಿಟರ್‌ನಲ್ಲಿ ವಿಜಿಎ ಕಿಂಡಿ ಮಾತ್ರ ಇದ್ದರೆ ವಿಜಿಎ ಇರುವ ಎಚ್610 ಬೋರ್ಡನ್ನೇ ಕೇಳಿ ಕೊಳ್ಳಿ.